ಕೈಗಡವೂ ಬಾಯಿಯ ಕಳವೂ

ಬೆಂಗಳೂರಿನ ಮಡಿವಾಳದ ಮಾರುಕಟ್ಟೆಯಂತಹ ಸಂತೆಯ ತಾಣಗಳಲ್ಲಿ ತರಕಾರಿಯ ಮೂಟೆಗಳೊಡನೆ ಹಣವೂ ಕೈಯಿಂದ ಕೈಗೆ ದಾಟುತ್ತದೆ. ಪತ್ರವಿಲ್ಲ, ಸಾಕ್ಷಿಯಿಲ್ಲ, ಬಡ್ಡಿಯಿಲ್ಲ. ಇಂತಹ ಸಾಲಕ್ಕೆ ಕನ್ನಡವು ‘ಕೈಗಡ’ ಎಂಬ ಹೆಸರನ್ನಿತ್ತಿದೆ. ‘ಕಡ’ವೆಂದರೆ ಸಾಲ, ‘ಕೈ’ಯೊಡನೆ ಸೇರುವಾಗ ಅದರ ಕಕಾರವು ಗಕಾರವಾಯಿತು. ಈ ಬಗೆಯ ಸಂಧಿಕಾರ್ಯವನ್ನು ಹದಿಮೂರನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ನಿರೂಪಿಸಿದ್ದಾನೆ.

ಕಣ್ಣಿಗೆ ಕಾಣದ ಗುಣವನ್ನು ಹೇಳಲು ಜನರು ಕಾಣುವ ಅಂಗವನ್ನೇ ಆಶ್ರಯಿಸಿದರು. ಕೈಹಿಡಿಯುವುದೆಂದರೆ ಆಸರೆಯಾಗುವುದು, ಕೈಬಿಡುವುದೆಂದರೆ ತೊರೆಯುವುದು. ಪರರ ಏಳಿಗೆಯನ್ನು ಸಹಿಸದವನ ಒಡಲ ಬೇಗೆಯೇ ಹೊಟ್ಟೆಕಿಚ್ಚು. ನಂಬಿಕಸ್ಥನನ್ನು ‘ಕೈ ಬಾಯಿ ಶುದ್ಧವಾಗಿರುವವನು’ ಎನ್ನುತ್ತಾರೆ. ಆದರೆ ‘ಕೈ ತಪ್ಪಿತು’, ‘ಬಾಯಿ ತಪ್ಪಿ ಬಂತು’ ಎಂಬ ಮಾತುಗಳಲ್ಲಿ ಅಂಗವೇ ಕರ್ತೃವಾಗಿ, ಮನುಷ್ಯನು ಮರೆಯಾಗುತ್ತಾನೆ. ತಪ್ಪು ಯಾರದು?

ಒಬ್ಬನು ಐದುನೂರು ರೂಪಾಯಿ ಕೈಗಡ ಪಡೆದನೆಂದು ಭಾವಿಸೋಣ. ತಿಂಗಳುಗಳು ಕಳೆದವು. ಕೊಟ್ಟವನು ಮೊತ್ತವನ್ನು ಮರೆತು, “ಮುನ್ನೂರಲ್ಲವೇ?” ಎಂದು ಕೇಳಿದನು. ಪಡೆದವನು “ಹೌದು” ಎಂದು ಮುನ್ನೂರನ್ನೇ ಎಣಿಸಿಕೊಟ್ಟನು. ಕೇಳಿದಷ್ಟನ್ನೂ ಕೊಟ್ಟ ಈ ಕೈ ಏನನ್ನೂ ಕದಿಯಲಿಲ್ಲ. ಮರೆತವನ ಮರೆವಿಗೆ ತಾನೇಕೆ ಹೊಣೆ ಎಂದು ಅವನು ಕೇಳಬಹುದು.

‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಈ ಪ್ರಶ್ನೆಗೆ ಉತ್ತರವಿದೆ. ಅಲ್ಲಿ ‘ನ್ಯಾಸಾಪಹಾರ’ವೆಂಬ ಅತಿಚಾರವನ್ನು ಹೇಳಿದೆ. ನಂಬಿ ಇಟ್ಟ ಹಣದ ಲೆಕ್ಕವನ್ನು ಮರೆತು ಕಡಿಮೆ ಕೇಳಿದವನಿಗೆ ‘ಹಾಗೆಯೇ’ ಎಂದು ಒಪ್ಪಿಬಿಡುವುದು ಇದರ ಅರ್ಥವೆಂದು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ವಿವರಿಸಿದ್ದಾರೆ. ಕೈಗಡವು ನ್ಯಾಸವಲ್ಲದಿದ್ದರೂ ನಂಬಿಕೆಯ ಹಣವೇ ಸರಿ. ಗಮನಾರ್ಹವಾದುದೆಂದರೆ, ಹಣದ ನಷ್ಟವಾಗಿದ್ದರೂ ಆಚಾರ್ಯರು ಇದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸದೆ ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದರು. ತೂಕ ಅಳತೆಗಳ ಮೋಸವು ಅಚೌರ್ಯಕ್ಕೆ ಸಂದಿತು. ಅದು ಕೈಯಿಂದಾಗುವ ಕಳವು. ಇಲ್ಲಿ ಕದ್ದದ್ದು ‘ಹೌದು’ ಎಂಬ ಒಂದು ಮಾತು.

ಹಾಗೆಂದು ಬಾಯಿಯನ್ನು ದೂಷಿಸುವುದೂ ಸರಿಯಲ್ಲ. ಕಾಯ, ವಾಕ್ಕು, ಮನಸ್ಸುಗಳ ಕ್ರಿಯೆಯೇ ಯೋಗ. ಕಷಾಯದೊಡನೆ ಕೂಡಿದಾಗ ಅದು ಬಂಧಕ್ಕೆ ಕಾರಣವಾಗುತ್ತದೆ. ಆ ‘ಹೌದು’ ಎಂಬ ಮಾತಿನ ಹಿಂದೆ ಲೋಭವಿತ್ತು. ನಾಲಗೆಯು ಲೋಭದ ಆಳಾಗಿ ದುಡಿಯಿತು, ಅಷ್ಟೆ.

ಪಡೆದವನೂ ನಿಜವಾಗಿ ಮರೆತಿದ್ದರೆ? ಆಗ ‘ಬಾಯಿ ತಪ್ಪಿತು’ ಎಂಬ ಮಾತಿಗೆ ಅರ್ಥವುಂಟು. ವಂಚಿಸುವ ಭಾವ ಅಲ್ಲಿಲ್ಲ. ಆದರೆ ಆ ಮಾತು ನೆನಪಾಗುವವರೆಗೆ ಮಾತ್ರ ಸಲ್ಲುತ್ತದೆ. ನೆನಪಾದ ಮೇಲೂ ಸುಮ್ಮನಿದ್ದರೆ ಮರೆವು ವಂಚನೆಯಾಗುತ್ತದೆ. ಮರುದಿನ ಮುಂಜಾನೆ ಅದೇ ಅಂಗಡಿಗೆ ನಡೆದು, “ಅಣ್ಣಾ, ಅದು ಐದುನೂರು” ಎಂದು ಉಳಿದ ಇನ್ನೂರನ್ನು ಒಪ್ಪಿಸಿದವನನ್ನು ಮಾತ್ರವೇ ಕೈ ಬಾಯಿ ಶುದ್ಧವಾಗಿರುವವನೆಂದು ಕರೆಯಬೇಕು.