ಎಲೆ ನುಡಿಯುವ ಸಾಕ್ಷ್ಯ

ಹೆಬ್ಬಾಳದ ರಸ್ತೆಬದಿಯಲ್ಲಿ ಬಿದ್ದಿರುವ ಒಂದು ಹೊಂಗೆ ಎಲೆಯನ್ನು ಎತ್ತಿಕೊಳ್ಳಿರಿ. ಅದರ ಅಡಿಭಾಗದಲ್ಲಿ ಬರಿಗಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿವೆ. ಎಲೆ ಉಸಿರಾಡುವುದು ಅವುಗಳ ಮೂಲಕ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಅನೇಕ ಸಸ್ಯಗಳ ಎಲೆಗಳಲ್ಲಿ ಈ ರಂಧ್ರಗಳು ಕಡಿಮೆಯಾಗುತ್ತವೆ. ಆದ್ದರಿಂದಲೇ ಕಲ್ಲಿನಲ್ಲಿ ಹೊರಪದರ ಉಳಿದಿರುವ ಎಲೆಯ ರಂಧ್ರಗಳನ್ನೆಣಿಸಿ, ಕೋಟ್ಯಂತರ ವರ್ಷಗಳ ಹಿಂದಿನ ಗಾಳಿ ಹೇಗಿತ್ತೆಂದು ವಿಜ್ಞಾನಿಗಳು ಅಂದಾಜು ಮಾಡುತ್ತಾರೆ. ಬೆಂಗಳೂರಿನ ಬಂಡೆಯಲ್ಲಿ ಅಂತಹ ಎಲೆ ಸಿಗದು. ಅದು ಭೂಮಿಯಲ್ಲಿ ಗಿಡಮರಗಳು ಹುಟ್ಟುವುದಕ್ಕೂ ಮುಂಚಿನ ಶಿಲೆ.

ಇಂಗ್ಲೆಂಡಿನ ವಿಜ್ಞಾನಿ ವುಡ್‌ವರ್ಡ್, ಒಣಗಿಸಿ ಕಾಪಾಡಿದ್ದ ಹಳೆಯ ಎಲೆಗಳನ್ನು ಪರೀಕ್ಷಿಸಿ, 200 ವರ್ಷಗಳಲ್ಲಿ ರಂಧ್ರಗಳ ಸಾಂದ್ರತೆ ಸುಮಾರು ಶೇ. 40ರಷ್ಟು ಇಳಿದಿದೆಯೆಂದು 1987ರಲ್ಲಿ ತಿಳಿಸಿದರು. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಆ ಅನಿಲ ಇಂದು 420ನ್ನು ಮೀರಿದೆ.

ಯೋಚಿಸಿರಿ. ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲಿಸದೆ ಕಾಯುವ ಪ್ರತಿಯೊಬ್ಬನೂ, “ನನ್ನೊಬ್ಬನ ಹೊಗೆಯಿಂದ ಏನಾದೀತು?” ಎನ್ನುತ್ತಾನೆ. ಎಲೆಯಾದರೋ ಯಾರ ಪಾಲನ್ನೂ ಬಿಡದೆ ಕೂಡಿ ಬರೆದಿಡುತ್ತದೆ. ಗಾಳಿ ನಮ್ಮ ಸೊತ್ತಲ್ಲ, ನಮಗೊಪ್ಪಿಸಲಾದ ಅಮಾನತ್. ನಾಳೆ ನಮ್ಮ ಮಕ್ಕಳು ಈ ಎಲೆಯನ್ನು ಓದುವಾಗ, ನಾವು ಅಮಾನತನ್ನು ಕಾಪಾಡಿದವರೆಂದು ಅದು ಸಾಕ್ಷಿ ನುಡಿದೀತೇ?