ತಪ್ಪಿನ ಲೆಕ್ಕ ಯಾರ ಪುಸ್ತಕದಲ್ಲಿ?

ತಪ್ಪು ಮತ್ತು ಶಿಕ್ಷೆಯ ಮೊದಲ ಪಾಠವನ್ನು ನಾವು ಕಲಿತದ್ದು ಬೀಡಿ ಗುತ್ತಿಗೆದಾರನ ಜಗಲಿಯಲ್ಲಿ. ಮೊರದ ಮುಂದೆ ದಿನವಿಡೀ ಬೆನ್ನು ಬಗ್ಗಿಸಿ ಕೂತ ಹೆಂಗಸರು ಸಂಜೆ ಬೀಡಿಯ ಕಟ್ಟುಗಳನ್ನು ಅಲ್ಲಿಗೆ ತರುತ್ತಿದ್ದರು. ಆತ ಬೆರಳಲ್ಲಿ ಒತ್ತಿ ನೋಡಿ, "ಇದು ಸಡಿಲ, ಇದು ಗಿಡ್ಡ" ಎಂದು ಒಂದಷ್ಟನ್ನು ಪಕ್ಕಕ್ಕೆ ಹಾಕುತ್ತಿದ್ದ. ಅವಕ್ಕೆ ಮಜೂರಿಯಿಲ್ಲ. ಅವನ್ನು ಹಿಂದಕ್ಕೂ ಕೊಡುತ್ತಿರಲಿಲ್ಲ. "ಎಲೆಯೇ ತೂತು ಬಿದ್ದಿತ್ತು ಭಾಯಿ" ಎಂದರೆ, "ನೋಡಿ ಒಯ್ಯಬೇಕಿತ್ತು" ಎಂಬುದೇ ಉತ್ತರ.

ಸಡಿಲ ಬೀಡಿ ಸಡಿಲವೇ, ನಿಜ. ಕೆಲಸ ಕೆಟ್ಟಾಗ ಕೇಳುವ ಹಕ್ಕು ಕೆಲಸ ಕೊಟ್ಟವನಿಗೆ ಇರಲೇಬೇಕು. ಆದರೆ ಆ ತಪ್ಪಿನಲ್ಲಿ ಕೈಯ ಪಾಲೆಷ್ಟು, ಎಲೆ ಕೊಟ್ಟವನ ಪಾಲೆಷ್ಟು ಎಂದು ವಿಂಗಡಿಸುವವರು ಯಾರು? ತಪ್ಪು ಹುಡುಕುವವನೇ ದಂಡ ಹಾಕಿ, ಆ ದಂಡದ ಲಾಭವನ್ನೂ ತಾನೇ ಪಡೆದರೆ ಅದನ್ನು ನ್ಯಾಯವೆನ್ನುವುದು ಹೇಗೆ?

ಕಾನೂನಿಗೆ ಈ ಸಂಕಟ ಗೊತ್ತಿತ್ತು. ತಿರಸ್ಕರಿಸಿದ ಬೀಡಿಯ ತಗಾದೆಯನ್ನು ಸರಕಾರ ಗೊತ್ತುಪಡಿಸಿದ ಅಧಿಕಾರಿ ತೀರ್ಮಾನಿಸಬೇಕೆಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಲ್ಲಿತ್ತು. ನಷ್ಟಕ್ಕಾಗಿ ಸಂಬಳ ಮುರಿಯುವ ಮೊದಲು ಕೆಲಸಗಾರನ ಸಮಜಾಯಿಷಿ ಕೇಳಬೇಕು, ಆದ ನಷ್ಟಕ್ಕಿಂತ ಹೆಚ್ಚು ಮುರಿಯಬಾರದು ಎಂದು 1936ರ ವೇತನ ಪಾವತಿ ಕಾಯ್ದೆ ಹೇಳಿತ್ತು. 2019ರ ವೇತನ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಆದರೆ ಅಂದಿನ ಮಜೂರಿಯಿಂದಲೇ ಅಂದಿನ ಒಲೆ ಹಚ್ಚಬೇಕಾದವಳು ಅಧಿಕಾರಿಯ ಬಾಗಿಲಿಗೆ ಹೋಗುವಳೇ? ನಾಳೆ ಎಲೆ ಕೊಡದಿದ್ದರೆ ಎಂಬ ಅಂಜಿಕೆ ಅವಳ ಬಾಯಿ ಕಟ್ಟುತ್ತದೆ.

ಹೀಗೆ ಅಂಜಿದವರು ತಪ್ಪನ್ನು ಬಚ್ಚಿಡಲು ಕಲಿಯುತ್ತಾರೆ. ಒಳ್ಳೆಯ ಬೀಡಿಯನ್ನು ಕಟ್ಟಿನ ಹೊರಸುತ್ತಿಗೂ ಸೊಟ್ಟದ್ದನ್ನು ನಡುವಿಗೂ ಇಡುವುದನ್ನು ನಾವೇ ಕಂಡಿದ್ದೇವೆ. ಅದೂ ಸರಿಯಲ್ಲ. ಆದರೆ ನಿಜ ಹೇಳಿದವಳಿಗೆ ದಂಡ, ಮುಚ್ಚಿಟ್ಟವಳಿಗೆ ಪೂರ್ತಿ ಕೂಲಿ ಎಂಬಲ್ಲಿ ಪ್ರಾಮಾಣಿಕತೆಯನ್ನು ಯಾವ ಬಾಯಿಂದ ಕೇಳುವುದು?

ಗುತ್ತಿಗೆದಾರನನ್ನು ಬೈದು ಸುಮ್ಮನಾಗುವುದು ಸುಲಭ. ಇಂದು ನಮ್ಮಲ್ಲಿ ಹಲವರು ಅಂಗಡಿ ಇಟ್ಟಿದ್ದೇವೆ, ಮನೆಗೆಲಸಕ್ಕೆ ಜನರನ್ನು ಇಟ್ಟುಕೊಂಡಿದ್ದೇವೆ. ಕೆಲಸದಾಕೆಯ ಕೈಯಿಂದ ಗಾಜಿನ ಜಾಡಿ ಬಿದ್ದಾಗ, ಅಂದು ಆಕೆ ಎಷ್ಟು ಮನೆಗಳ ಪಾತ್ರೆ ತೊಳೆದು ಬಂದಿದ್ದಳೆಂದು ಕೇಳುತ್ತೇವೆಯೇ, ಸಂಬಳದ ದಿನ ಜಾಡಿಯ ಬೆಲೆ ಹಿಡಿದುಕೊಳ್ಳುತ್ತೇವೆಯೇ? ಅದೇ ಜಾಡಿ ನಮ್ಮ ಕೈಯಿಂದ ಬಿದ್ದರೆ "ಹೋಗಲಿ ಬಿಡು" ಎನ್ನುತ್ತೇವೆ.

ಬೇಕೆಂದೇ ಮಾಡಿದ ಮೋಸಕ್ಕೂ ಕೈತಪ್ಪಿಗೂ ಒಂದೇ ದಂಡ ಬೇಡ. ಮೊದಲು ಕೇಳೋಣ. ಆಮೇಲೆ ನಮ್ಮ ಪಾಲನ್ನೂ ಬರೆದುಕೊಂಡು ಲೆಕ್ಕ ಹಾಕೋಣ.