ಹಲ್ಲಿನ ಕಲೆ ಯಾರ ತಪ್ಪು?

ಆರೋಗ್ಯ ಕೆಟ್ಟವನನ್ನು ಕಂಡೊಡನೆ ಅವನ ಅಶಿಸ್ತನ್ನೇ ದೂರುವ ಅಭ್ಯಾಸ ನಿಮಗಿದೆಯೇ? ನನಗಂತೂ ಇತ್ತು. ಅರಸೀಕೆರೆ ಕಡೆಯ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬನ ಹಲ್ಲಿನ ಕಂದು ಕಲೆ ಕಂಡು, ‘ಮಿಸ್ವಾಕ್ ಮಾಡುವುದಿಲ್ಲವೇನೋ?’ ಎಂದು ತರಗತಿಯಲ್ಲೇ ಗದರಿದ್ದೆ. ಅವನು ಬಾಯಿಗೆ ಕೈ ಅಡ್ಡ ಹಿಡಿದು ತಲೆ ತಗ್ಗಿಸಿದ.

ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿರುವ ನನ್ನ ತಂಗಿ ಇದನ್ನು ಕೇಳಿ, ‘ಭಾಯಿ, ಅದು ಉಜ್ಜಿದರೆ ಹೋಗುವ ಕಲೆಯಲ್ಲ’ ಎಂದಳು. ಆ ತಾಲೂಕಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದನ್ನು ಮೀರಿದ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದರೆ ಕಲೆ ಜೀವನವಿಡೀ ಉಳಿಯುತ್ತದೆ. ಬಹಳ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆಗೂ ಕೇಡು. ಕುದಿಸಿದರೂ ಅದು ಹೋಗದು. ಹಣವುಳ್ಳವರು ಶುದ್ಧೀಕರಿಸಿದ ನೀರು ಕೊಳ್ಳುತ್ತಾರೆ. ಕೂಲಿಯವನು?

ಯಗಚಿ ದಡದ ಬೇಲೂರಿನ ಮಗುವಿಗೂ ಕೊಳವೆಬಾವಿಯನ್ನೇ ನಂಬಿದ ಮಗುವಿಗೂ ಒಂದೇ ಉಪದೇಶ ನೀಡುವುದು ಸಮಾನತೆಯೆನಿಸಬಹುದು, ನ್ಯಾಯವೆನಿಸದು. 1986ರ ಒಟ್ಟಾವಾ ಸನ್ನದು ಆರೋಗ್ಯದ ಬುನಾದಿಯಾಗಿ ವಸತಿ, ಆಹಾರ, ಆದಾಯಗಳ ಜೊತೆಗೆ ಸಾಮಾಜಿಕ ನ್ಯಾಯವನ್ನೂ ಹೆಸರಿಸಿದೆ. ಹಾಗಾದರೆ ವ್ಯಕ್ತಿಗೆ ಹೊಣೆಯಿಲ್ಲವೇ? ಇದೆ, ಅವನ ಕೈಗೆಟುಕುವಷ್ಟರ ಮಟ್ಟಿಗೆ. ಕುಡಿಯುವ ನೀರನ್ನು ಆ ಹುಡುಗ ಆರಿಸಿಕೊಂಡಿರಲಿಲ್ಲ.

ಅವನೀಗ ಶಾಲೆ ಮುಗಿಸಿ ಹೋಗಿದ್ದಾನೆ. ಕ್ಷಮೆಯನ್ನು ಅವನಿಂದಲೇ ಕೇಳಬೇಕು. ಮುಂದಿನ ವಾರ ಅವನ ಊರಿಗೆ ಹೊರಟಿದ್ದೇನೆ.